ಎಟ್ನಾದ ಕೆಂಪು ವೈನ್: ಬಣ್ಣದ ಆಸೆ ಬಿಟ್ಟ ಮೇಲೆ

ಎಟ್ನಾದ ಕೆಂಪು ವೈನ್ ದ್ರಾಕ್ಷಿ ನೆರೆಲ್ಲೊ ಮಸ್ಕಲೇಸೆಯಿಂದ ಗಾಢ ಬಣ್ಣ ಹಿಂಡಲು ಹೋದರೆ ಸಿಗುವುದು ಒಗರು ಮಾತ್ರ. ನನ್ನ ತೋಟ ಇಟಲಿಯ ಸಿಸಿಲಿಯಲ್ಲಿ, ಎಟ್ನಾ ಜ್ವಾಲಾಮುಖಿಯ ಉತ್ತರ ಇಳಿಜಾರಿನ ರಂದಾಝೊ ಬಳಿ, ಸುಮಾರು 750 ಮೀಟರ್ ಎತ್ತರದಲ್ಲಿದೆ. ಅರ್ಧ ಹೆಕ್ಟೇರಿನಷ್ಟು ನೆಲ, ಚೆಸ್ಟ್‌ನಟ್ ಗೂಟಕ್ಕೆ ಕಟ್ಟಿದ ಹಳೆಯ ಗಿಡಗಳು. ಟ್ರ್ಯಾಕ್ಟರ್ ಒಳಗೆ ಬಾರದು. ಕೂಲಿಗೇ ವರ್ಷಕ್ಕೆ ಒಂಬತ್ತು ಹತ್ತು ಸಾವಿರ ಯೂರೊ ಹೋಗುತ್ತದೆ. ಒಳ್ಳೆಯ ವರ್ಷ ಎರಡೂವರೆ ಸಾವಿರ ಬಾಟಲಿ ಆದೀತು.

ಮೊದಮೊದಲು ಸಲಹೆಗಾರರ ಮಾತಿನಂತೆ ರಸವನ್ನು ಮೂರು ವಾರ ಸಿಪ್ಪೆಯೊಡನೆ ಬಿಟ್ಟೆ. ಹೊಸ ಓಕ್ ಪೀಪಾಯಿಗಳನ್ನೂ ತರಿಸಿದೆ, ಒಂದೊಂದಕ್ಕೆ 800 ಯೂರೊ ಆಸುಪಾಸು. ನಾಲಿಗೆ ಒಣಗಿಸುವ ವೈನ್ ಬಂತು. ವೆನಿಲಾ ವಾಸನೆಯಡಿ ಚೆರ್ರಿಯ ಪರಿಮಳ ಹೂತುಹೋಯಿತು. ಅಷ್ಟನ್ನೂ ಸಗಟಿಗೆ, ಲೀಟರಿಗೆ ಎರಡು ಯೂರೊ ಸಿಕ್ಕರೆ ಸಾಕೆಂದು ಮಾರಿದೆ.

ಈಗ ಕೊಯ್ಲು ಅಕ್ಟೋಬರ್ ಮೂರನೆಯ ವಾರದ ನಂತರವೇ. ಮಳೆಯ ಭಯಕ್ಕೆ ಅಕ್ಕಪಕ್ಕದವರು ಮೊದಲೇ ಕೊಯ್ದರೂ ನಾನು ಬೀಜ ಕಂದಾಗುವವರೆಗೆ ಕಾಯುತ್ತೇನೆ. ಎಂಟು ಹತ್ತು ದಿನಕ್ಕೇ ಸಿಪ್ಪೆ ಬೇರೆ ಮಾಡಿ, 500 ಲೀಟರಿನ ಹಳೆಯ ಪೀಪಾಯಿಗಳಲ್ಲಿ ಒಂದೂವರೆ ವರ್ಷ ಇಡುತ್ತೇನೆ. ಹುದುಗುವಾಗ ಯಾವ ಹೊತ್ತಿನಲ್ಲಿ ತಣಿಸುತ್ತೇನೆ ಎಂಬುದು ನನ್ನಲ್ಲೇ ಇರಲಿ. ಎಟ್ನಾ ರೊಸ್ಸೊ (ಎಟ್ನಾದ ಕೆಂಪು ವೈನ್) ಎಂಬ ಹೆಸರಿನ ನಿಯಮದಂತೆ ನೆರೆಲ್ಲೊ ಕಪ್ಪುಚ್ಚೊ ಎಂಬ ಇನ್ನೊಂದು ದ್ರಾಕ್ಷಿಯನ್ನು ಶೇ 20ರವರೆಗೆ ಬೆರೆಸಬಹುದು; ನನಗೆ ಶೇ 5 ಸಾಕು.

ನಂದಿ ಬೆಟ್ಟದ ಸುತ್ತ ಶಿರಾಜ್ ಮಾಡುವ ಗೆಳೆಯರು ನನ್ನ ವೈನಿನ ಚಿತ್ರ ನೋಡಿ "ಇದು ರೋಸೆಯಲ್ಲವೇ, ಗುಲಾಬಿ ಬಣ್ಣದ ವೈನ್?" ಎಂದಿದ್ದರು. ಊರಿಗೆ ತಂದ ಬಾಟಲಿ ಕುಡಿದ ಮೇಲೆ ಆ ಪ್ರಶ್ನೆ ನಿಂತಿತು. ಈ ವೈನ್ ಈಗ ಬಾಟಲಿಗೆ ಇಪ್ಪತ್ತೈದು ಯೂರೊ ಮೇಲೆಯೇ ಹೋಗುತ್ತದೆ.

ಬೂದಿಯ ವಿಚಾರ. 2021ರಲ್ಲಿ ಎಟ್ನಾದ ಆಗ್ನೇಯ ಕುಂಡ ಮತ್ತೆ ಮತ್ತೆ ಸಿಡಿದಾಗ, ಗಾಳಿ ಇತ್ತ ಬೀಸಿದ ದಿನಗಳಲ್ಲಿ ಗೊಂಚಲೆಲ್ಲ ಕಪ್ಪು ಮರಳು. ನೀರು ಹೊಡೆದರೆ ಅದು ಕೆಸರಾಗಿ ತೊಟ್ಟಿನ ಸಂದಿಗೆ ಇಳಿಯುತ್ತದೆ. ಎಲೆ ಊದುವ ಯಂತ್ರವೇ ಸರಿ. ಇಬ್ಬನಿ ಆರಿದ ಮೇಲೆ, ಕೆಳಗಿನಿಂದ ಮೇಲಕ್ಕೆ ಊದಬೇಕು.

ಇದೇ ಕಪ್ಪು ಮರಳಿನಲ್ಲಿ ಬೇರು ತಿನ್ನುವ ಫಿಲಾಕ್ಸೆರಾ ಹುಳ ಹಬ್ಬಲಾರದು. ಹಾಗಾಗಿ ಮೂಲೆಯ ಎರಡು ಸಾಲಿನಲ್ಲಿ ಹುಳ ತಡೆಯುವ ಬೇರಿಗೆ ಕಸಿ ಮಾಡಿದ ಗಿಡ ಕೊಳ್ಳದೆ, ಹಳೆಯ ಬಳ್ಳಿಯನ್ನೇ ಬಗ್ಗಿಸಿ ಹೂತು ಬೇರು ಬರಿಸಿದೆ. ಸಸಿಯ ದುಡ್ಡು ಪೂರ್ತಿ ಉಳಿಯಿತು. ಚಳಿಗಾಲದಲ್ಲಿ ಮೇಲಿನ ಪಾಗಾರದವರೆಗೂ ಹೀಗೆಯೇ ತುಂಬಿಸುತ್ತೇನೆ.