ಹಾಡಿನ ಕೆಲಸಕ್ಕೆ ನಾನು ಲ್ಯಾಪ್‌ಟಾಪ್ ಸಜ್ಜು ಮಾಡಿಕೊಂಡ ಬಗೆ

ಚಿಕ್ಕಮಗಳೂರಿನಲ್ಲಿ ಮನೆಯ ಒಂದು ರೂಮಿನಲ್ಲೇ ಭಾವಗೀತೆ, ಜನಪದ ಗೀತೆಗಳಿಗೆ ಟ್ರ್ಯಾಕ್ ಮಾಡಿಕೊಡುತ್ತೇನೆ. ಹೊಸ ಲ್ಯಾಪ್‌ಟಾಪ್ ಕೇಳಿದಾಗ ಅಂಗಡಿಯವರು ಮೊದಲು ಹೇಳಿದ್ದು ಗ್ರಾಫಿಕ್ಸ್ ಕಾರ್ಡ್ ವಿಷಯ. ಗೇಮ್ ಆಡುವವರಿಗೆ ಅದು ಬೇಕು, ನಮಗೆ ಸುಮ್ನೆ ಖರ್ಚು. ಆ ದುಡ್ಡನ್ನು ಪ್ರೊಸೆಸರ್ ಮತ್ತು ರ‍್ಯಾಮ್‌ಗೆ ಹಾಕಿದೆ.

ಒಂದು ಟ್ರ್ಯಾಕಿನ (ಒಂದು ದನಿ ಅಥವಾ ವಾದ್ಯದ ಪದರದ) ಮೇಲೆ ಸಾಲಾಗಿ ಹಾಕುವ ಪ್ಲಗಿನ್‌ಗಳ, ಅಂದರೆ ದನಿಯನ್ನು ತಿದ್ದುವ ಚಿಕ್ಕ ಸಾಫ್ಟ್‌ವೇರ್‌ಗಳ, ಲೆಕ್ಕ ಸಾಮಾನ್ಯವಾಗಿ ಪ್ರೊಸೆಸರಿನ ಒಂದೇ ಕೋರ್‌ನಲ್ಲಿ (ಲೆಕ್ಕ ಮಾಡುವ ಘಟಕದಲ್ಲಿ) ನಡೆಯುತ್ತದೆ. ಹಾಗಾಗಿ ಕೋರ್ ಎಷ್ಟಿವೆ ಅನ್ನುವುದಕ್ಕಿಂತ ಒಂದೊಂದು ಕೋರ್ ಎಷ್ಟು ಚುರುಕು ಅಂತ ನೋಡಿದೆ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ 'ಯು' ಇರುವುದು ಬ್ಯಾಟರಿ ಉಳಿಸುವ ಚಿಪ್. 'ಎಚ್' ಇರುವುದನ್ನೇ ಕೇಳಿ ತಗೊಂಡೆ. ಫ್ಯಾನ್ ಸದ್ದು ಸ್ವಲ್ಪ ಜಾಸ್ತಿ, ಅದಕ್ಕೆ ಮೈಕನ್ನು ದೂರ ಇಡುತ್ತೇನೆ. ರ‍್ಯಾಮ್ 16 ಜಿಬಿ ಇತ್ತು, ಒಂದು ಸ್ಲಾಟ್ ಖಾಲಿ ಇತ್ತು. 32ಕ್ಕೆ ಏರಿಸಿದೆ. ಪಿಟೀಲು, ಸೆಲ್ಲೊ ಸ್ಯಾಂಪಲ್‌ಗಳನ್ನು (ಮೊದಲೇ ರೆಕಾರ್ಡ್ ಮಾಡಿಟ್ಟ ವಾದ್ಯದ ದನಿಗಳನ್ನು) ಹತ್ತಾರು ಟ್ರ್ಯಾಕಿಗೆ ತೆರೆದರೆ 16 ಸಾಲುವುದಿಲ್ಲ. ಕೊಳ್ಳುವ ಮೊದಲೇ ಸ್ಲಾಟ್ ಇದೆಯಾ ಅಂತ ಕೇಳಿ. ಕೆಲವದರಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ.

ನಿಜವಾದ ಕೆಲಸ ಶುರುವಾಗಿದ್ದು ಮನೆಗೆ ತಂದ ಮೇಲೆ. ಹೊಸ ಮೆಷಿನ್, ಆದರೂ ಹಾಡಿನ ನಡುವೆ ಟಕ್ ಟಕ್. ವಿಂಡೋಸ್‌ನಲ್ಲಿ ಯಾವುದೋ ಡ್ರೈವರ್ (ಮೆಷಿನ್ನಿನ ಒಂದು ಭಾಗವನ್ನು ನಡೆಸುವ ಸಾಫ್ಟ್‌ವೇರ್) ಪ್ರೊಸೆಸರನ್ನು ಕ್ಷಣಕಾಲ ಹಿಡಿದುಕೊಂಡರೂ ಸದ್ದು ಕಡಿದುಹೋಗುತ್ತದೆ. ಅದು ಯಾವ ಡ್ರೈವರ್ ಅಂತ ಪತ್ತೆ ಮಾಡಲು ಲೇಟೆನ್ಸಿಮಾನ್ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿ ನೋಡಿದೆ. ನನ್ನ ಮೆಷಿನ್‌ನಲ್ಲಿ ತಂಟೆ ಮಾಡುತ್ತಿದ್ದುದು ವೈಫೈ ಡ್ರೈವರ್. ರೆಕಾರ್ಡ್ ಮಾಡುವಾಗ ವೈಫೈ, ಬ್ಲೂಟೂತ್ ಆಫ್ ಮಾಡಿದೆ, ಪವರ್ ಪ್ಲಾನ್ ಹೈ ಪರ್ಫಾರ್ಮೆನ್ಸ್‌ಗೆ ತಂದೆ. ಟಕ್ ಟಕ್ ನಿಂತಿತು.

ಆಡಿಯೊ ಇಂಟರ್‌ಫೇಸ್‌ಗೆ (ಮೈಕ್, ಗಿಟಾರನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಪೆಟ್ಟಿಗೆಗೆ) ಅದರ ಕಂಪನಿಯದೇ ಎಎಸ್‌ಐಒ ಡ್ರೈವರ್, ಅಂದರೆ ವಿಂಡೋಸ್‌ನಲ್ಲಿ ದನಿ ತಡವಾಗದಂತೆ ಸಾಗಿಸುವ ಡ್ರೈವರ್, ಹಾಕಬೇಕು. ಇನ್ನು ಬಫರ್, ಅಂದರೆ ಲ್ಯಾಪ್‌ಟಾಪ್ ಒಂದು ಸಲಕ್ಕೆ ಕೂಡಿಟ್ಟುಕೊಂಡು ಕೆಲಸ ಮಾಡುವ ದನಿಯ ತುಣುಕು. 48 ಕಿಲೋಹರ್ಟ್ಸ್‌ನಲ್ಲಿ (ಸೆಕೆಂಡಿಗೆ ದನಿಯ 48,000 ಅಳತೆ) 128 ಸ್ಯಾಂಪಲ್, ಇಲ್ಲಿ 128 ಅಳತೆ, ಅಂದರೆ ಸುಮಾರು 2.7 ಮಿಲಿಸೆಕೆಂಡ್. ಒಳಗೆ ಹೋಗಿ ಹೊರಗೆ ಬರುವಷ್ಟರಲ್ಲಿ ಅದರ ಎರಡರಷ್ಟಕ್ಕಿಂತ ಜಾಸ್ತಿ ಆಗುತ್ತದೆ. ಅಷ್ಟಿದ್ದರೆ ಹಾಡುವವರಿಗೆ ತಮ್ಮ ದನಿ ಹಿಂದೆ ಬಿದ್ದಂತೆ ಅನಿಸುವುದಿಲ್ಲ. ಮಿಕ್ಸಿಂಗ್‌ಗೆ ಕೂತಾಗ 1024ಕ್ಕೆ ಏರಿಸುತ್ತೇನೆ. ಆಗ 21 ಮಿಲಿಸೆಕೆಂಡ್ ತಡವಾದರೂ ಯಾರಿಗೂ ತೊಂದರೆ ಇಲ್ಲ, ಪ್ರೊಸೆಸರ್‌ಗೂ ಬಿಡುವು ಸಿಗುತ್ತದೆ. ಎಷ್ಟೋ ಜನ ಒಂದೇ ಬಫರ್ ಇಟ್ಟುಕೊಂಡು ಲ್ಯಾಪ್‌ಟಾಪನ್ನು ಬೈಯುತ್ತಾರೆ.

ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಕತೆ ಗೊತ್ತಲ್ಲ. ಇಂಟರ್‌ಫೇಸ್ ಯುಎಸ್‌ಬಿಯಿಂದಲೇ ಓಡುವುದರಿಂದ ಕೆಲಸ ನಿಲ್ಲುವುದಿಲ್ಲ. ಆದರೆ ಬ್ಯಾಟರಿಯಲ್ಲಿ ಪ್ರೊಸೆಸರ್ ನಿಧಾನವಾಗುತ್ತದೆ. ಆಗ ಭಾರದ ಟ್ರ್ಯಾಕುಗಳನ್ನು ಫ್ರೀಜ್ ಮಾಡುತ್ತೇನೆ, ಅಂದರೆ ಪ್ಲಗಿನ್ ಲೆಕ್ಕ ಮತ್ತೆ ಮತ್ತೆ ನಡೆಯದಂತೆ ಸಿದ್ಧ ದನಿಯಾಗಿ ಉಳಿಸಿಕೊಳ್ಳುತ್ತೇನೆ. ಚಾರ್ಜರ್ ಹಾಕಿದಾಗ ಗಿಟಾರ್ ಲೈನಿನಲ್ಲಿ ಗುಂಯ್ ಅಂತಿತ್ತು. ಸಾಕೆಟ್‌ಗೆ ಅರ್ಥಿಂಗೇ ಇರಲಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಹಾಕಿಸಿದ ಮೇಲೆ ಹೋಯಿತು.