ಕ್ಯಾಂಪಸ್ಸಿಗೊಂದು ಮನಸ್ಸಿನ ಆ್ಯಪ್: ಕೋಡ್‌ಗಿಂತ ಮೊದಲು ಕೌನ್ಸೆಲರ್

ವಿದ್ಯಾರ್ಥಿಗಳ ಮಾನಸಿಕ ಆರೋಗ್ಯಕ್ಕೆ ಆ್ಯಪ್ ಮಾಡಲು ಹೊರಟವರು ಸಾಮಾನ್ಯವಾಗಿ ಕೈಹಚ್ಚುವುದು ಧ್ಯಾನದ ಆಡಿಯೊಗೆ, ನಗು-ಅಳುವಿನ ಎಮೋಜಿಗಳಿಗೆ. ಅವು ಆಮೇಲೂ ಬರಬಹುದು. ರಾತ್ರಿ ಎರಡಕ್ಕೆ ಯಾರೋ ಸಹಾಯದ ಬಟನ್ ಒತ್ತಿದರೆ ಆ ಕಡೆ ಯಾರಿರುತ್ತಾರೆ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ.

ಹಗಲಿಗೆ ವಿಶ್ವವಿದ್ಯಾಲಯದ ಆಪ್ತಸಮಾಲೋಚಕರು: ಹೆಸರು, ಕೊಠಡಿ, ಸಿಗುವ ವೇಳೆ. ಉಳಿದ ಹೊತ್ತಿಗೆ ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಉಚಿತ ಸರ್ಕಾರಿ ಸಹಾಯವಾಣಿಯ ಸಂಖ್ಯೆ 14416. ದಿನದ 24 ಗಂಟೆಯೂ ಇದೆ, ಕನ್ನಡದಲ್ಲೂ ಮಾತಾಡಬಹುದು. ಈ ಸಂಖ್ಯೆ ಸರ್ವರ್‌ನಿಂದ ಬರುವುದು ಬೇಡ, ಆ್ಯಪ್‌ನೊಳಗೇ ಇರಲಿ, ನೆಟ್ ಇಲ್ಲದಾಗಲೂ ಕಾಣಬೇಕು. ಬಟನ್ ಒತ್ತಿದರೆ ನೇರ ಕರೆ ಹೋಗದೆ, ಸಂಖ್ಯೆ ತುಂಬಿದ ಡಯಲರ್ ತೆರೆಯಲಿ. ಅದಕ್ಕೆ ಅನುಮತಿ ಕೇಳಬೇಕಿಲ್ಲ, ಕೈತಪ್ಪಿ ಕರೆ ಹೋಗುವ ಭಯವೂ ಇಲ್ಲ.

ಎರಡನೆಯದು ಗುಟ್ಟು ಕಾಯುವುದು. ಲಾಗಿನ್‌ಗೆ ಯುಎಸ್‌ಎನ್ (ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆ) ಕೇಳಿದಿರೋ, 'ಕಾಲೇಜಿಗೆ ಗೊತ್ತಾಗುತ್ತೆ' ಎಂದು ಎಷ್ಟೋ ಮಂದಿ ಅಲ್ಲೇ ಮುಚ್ಚುತ್ತಾರೆ. ಬಳಕೆದಾರರು ಬರೆದ ಟಿಪ್ಪಣಿ, ಪ್ರಶ್ನಾವಳಿಯ ಅಂಕಗಳೆಲ್ಲ ಬೇರೆಯವರು ಓದಲಾಗದಂತೆ ಫೋನಿನಲ್ಲೇ ಎನ್‌ಕ್ರಿಪ್ಟ್ ಆಗಿ ಉಳಿಯಲಿ. ಆಂಡ್ರಾಯ್ಡ್‌ನ ಆಟೊ ಬ್ಯಾಕಪ್ ಆಫ್ ಮಾಡಿ. ಇಲ್ಲದಿದ್ದರೆ ಆ ಟಿಪ್ಪಣಿಗಳ ಪ್ರತಿ ಬಳಕೆದಾರರ ಗೂಗಲ್ ಖಾತೆಗೂ ಹೋಗಬಹುದು. ಹಾಸ್ಟೆಲ್‌ನಲ್ಲಿ ಫೋನ್ ಮಂಚದ ಮೇಲೇ ಬಿದ್ದಿರುತ್ತದೆ, ಆದ್ದರಿಂದ ನೋಟಿಫಿಕೇಷನ್‌ನಲ್ಲಿ 'ಖಿನ್ನತೆ' ಎಂಬ ಪದವೇ ಬರಕೂಡದು. 'ಇವತ್ತಿನ ಟಿಪ್ಪಣಿ ಬಾಕಿ ಇದೆ' ಎಂದರೆ ಸಾಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರು ಮಕ್ಕಳು, ಅವರ ಮಾಹಿತಿ ಪಡೆಯಲು ಪೋಷಕರ ಒಪ್ಪಿಗೆ ಬೇಕು. ಮೊದಲ ವರ್ಷದ ಪದವಿಯಲ್ಲಿ ಅಂಥವರು ಇದ್ದೇ ಇರುತ್ತಾರೆ. ಸರ್ವರ್‌ಗೆ ಏನೂ ಕಳಿಸದಿದ್ದರೆ ಈ ತಲೆನೋವು ಬಹುಪಾಲು ಕಡಿಮೆ.

ಇನ್ನು ಪ್ರಶ್ನಾವಳಿ. ಖಿನ್ನತೆಯ ಲಕ್ಷಣ ಅಳೆಯುವ ಪಿಎಚ್‌ಕ್ಯು-9 ಎಂಬ ಪ್ರಶ್ನಾವಳಿ ಬಳಸಲು ಯಾರ ಅನುಮತಿಯೂ ಬೇಡ. ಹಿಂದಿನ ಎರಡು ವಾರಗಳ ಬಗ್ಗೆ 9 ಪ್ರಶ್ನೆ, ಒಂದೊಂದಕ್ಕೆ 0ಯಿಂದ 3 ಅಂಕ, ಒಟ್ಟು ಗರಿಷ್ಠ 27. 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಆಪ್ತಸಮಾಲೋಚಕರ ಭೇಟಿ ಸೂಚಿಸಿ. 'ನಿಮಗೆ ಖಿನ್ನತೆ ಇದೆ' ಎಂದು ಬರೆಯಬೇಡಿ, ಅದನ್ನು ಹೇಳಬೇಕಾದವರು ವೈದ್ಯರು. ಎರಡು ವಾರದ ಪ್ರಶ್ನೆಯನ್ನು ದಿನಾ ಕೇಳುವುದರಲ್ಲಿ ಅರ್ಥವಿಲ್ಲ, 14 ದಿನಕ್ಕೊಮ್ಮೆ ಸಾಕು.

ಎಡವುವುದು ಒಂಬತ್ತನೇ ಪ್ರಶ್ನೆಯಲ್ಲಿ. ಸಾವಿನ ಅಥವಾ ತನ್ನನ್ನೇ ಘಾಸಿಗೊಳಿಸಿಕೊಳ್ಳುವ ಯೋಚನೆ ಬಂದಿತ್ತೇ ಎಂದು ಕೇಳುವ ಪ್ರಶ್ನೆ ಅದು. ಅಲ್ಲಿ 1, ಉಳಿದೆಲ್ಲ ಸೇರಿ 2 ಬಂದರೆ ಒಟ್ಟು 3. ಮೊತ್ತವನ್ನಷ್ಟೇ ನೋಡುವ ಕೋಡ್ ಹಸಿರು ಟಿಕ್ ತೋರಿಸಿ ಸುಮ್ಮನಾಗುತ್ತದೆ. ಹಾಗಾಗಿ ಒಟ್ಟು ಎಷ್ಟೇ ಇರಲಿ, ಅಲ್ಲಿ 0 ಬಿಟ್ಟು ಬೇರೇನೇ ಬಂದರೂ ತಕ್ಷಣ 14416ರ ಪರದೆ ತೆರೆಯಬೇಕು. ಈ ಉತ್ತರಕ್ಕೆ ಚಾಟ್‌ಬಾಟ್ ಜೋಡಿಸುವ ಆಸೆ ಖಂಡಿತ ಬೇಡ.

ಪರೀಕ್ಷಿಸುವಾಗ 2 ಜಿಬಿ ರ‍್ಯಾಮ್‌ನ ಹಳೆ ಫೋನೂ ಇರಲಿ. ಅಕ್ಷರದ ಗಾತ್ರ ದೊಡ್ಡದು ಮಾಡಿದರೆ ಬಟನ್‌ನೊಳಗೆ ಕನ್ನಡದ ಒತ್ತಕ್ಷರ ಕತ್ತರಿಸಿಹೋಗುತ್ತದೆ, ಸಾಲಿನ ಎತ್ತರ ಹೆಚ್ಚಿಸಿ.

ಆ್ಯಪ್ ಮಾಡಿದ ಅಂತಿಮ ವರ್ಷದವರು ಹೊರಟುಹೋಗುತ್ತಾರೆ, ಆಪ್ತಸಮಾಲೋಚಕರು ಬದಲಾಗುತ್ತಾರೆ, ಅವರ ಹಳೇ ನಂಬರ್ ಮಾತ್ರ ಪರದೆಯಲ್ಲಿ ಉಳಿಯುತ್ತದೆ. ಆ ವಿವರವನ್ನು ಕಚೇರಿಯವರೇ ತಿದ್ದಬಹುದಾದ ಪ್ರತ್ಯೇಕ ಫೈಲ್‌ನಲ್ಲಿಡಿ, ಪಕ್ಕದಲ್ಲಿ ಕೊನೆಯ ಬಾರಿ ಪರಿಶೀಲಿಸಿದ ದಿನಾಂಕ ಕಾಣಲಿ, ತಿಂಗಳಿಗೊಮ್ಮೆ ಯಾರಾದರೂ ಆ ನಂಬರ್‌ಗೆ ಕರೆ ಮಾಡಿ ನೋಡಲಿ.