ತೆಲಸಂಗದ ಮೋಡ, ನಮ್ಮ ತಾಡಪತ್ರಿ

ವಿಜಯಪುರ ಜಿಲ್ಲೆಯ ತಿಕೋಟಾ ಹತ್ತಿರ ನಮ್ಮದು ನಾಲ್ಕು ಎಕರೆ ದ್ರಾಕ್ಷಿ. 2017ರಲ್ಲಿ ವಾಟ್ಸ್ಆ್ಯಪ್‌ನಲ್ಲಿ ಬೆಳೆಗಾರರ ಗುಂಪೊಂದು ಮಾಡಿದೆ. ಸೇರಿದವರು ಆರು ಜನ, ಅದರಲ್ಲಿ ಇಬ್ಬರು ನನ್ನ ತಮ್ಮಂದಿರೇ. ಒಂದು ತಿಂಗಳು ಶುಭೋದಯದ ಹೂವು ಬಿಟ್ಟರೆ ಏನೂ ಬರಲಿಲ್ಲ. ಬರೋದಾದರೂ ಏನು? ಆರೂ ಜನರ ತೋಟ ಒಂದೇ ದಾರಿಗೆ. ನಮ್ಮಲ್ಲಿ ಮೋಡ ಆದರೆ ಅವರಲ್ಲೂ ಮೋಡ.

"ಇದೆಲ್ಲ ಯಾಕ ಬೇಕೋ ತಮ್ಮಾ, ಬದುವಿನ ಮ್ಯಾಲ ನಿಂತು ಒದರಿದ್ರ ಕೇಳಸ್ತೈತಿ" ಅಂದರು ಪಕ್ಕದ ತೋಟದ ಕಾಕಾ. ಅವರು ಹೇಳಿದ್ದು ಸರಿಯೇ ಇತ್ತು.

ನನಗೆ ಬೇಕಿದ್ದದ್ದು ಮಳೆಯ ಸುದ್ದಿ. ಒಣದ್ರಾಕ್ಷಿ ಮಾಡಲು ಗೊನೆಗಳನ್ನು, ಬೇಗ ಒಣಗಲಿ ಅಂತ, ಡಿಪ್ಪಿಂಗ್ ಆಯಿಲ್, ಪೊಟ್ಯಾಸಿಯಂ ಕಾರ್ಬೊನೇಟ್ ಬೆರೆಸಿದ ನೀರಿನಲ್ಲಿ ಅದ್ದಿ ಶೆಡ್ಡಿನ ಬಲೆ ಮೇಲೆ ಹರವಿರುತ್ತೇವೆ. ಒಣಗಲು ಎರಡು ವಾರವಾದರೂ ಬೇಕು. ನಡುವೆ ಅಡ್ಡಮಳೆ ಹೊಡೆದರೆ ಒಣದ್ರಾಕ್ಷಿ ಕಪ್ಪಾಗುತ್ತದೆ, ದರ ಬೀಳುತ್ತದೆ. ಅರ್ಧ ಗಂಟೆ ಮೊದಲು ಗೊತ್ತಾದರೆ ತಾಡಪತ್ರಿ ಇಳಿಸಿ ಕಟ್ಟಬಹುದು.

ಹಾಗಾಗಿ ದೂರದವರನ್ನು ಹಿಡಿಯತೊಡಗಿದೆ. ಔಷಧಿ ಅಂಗಡಿ ಮುಂದೆ ನಿಲ್ಲುವುದು, ಬಬಲೇಶ್ವರದವರೋ ತೆಲಸಂಗದವರೋ ಬಂದರೆ ನಂಬರ್ ಕೇಳುವುದು. ಒಬ್ಬೊಬ್ಬರಿಗೂ ಚಹಾ ಕುಡಿಸಿದ್ದೇನೆ.

ಮರುವರ್ಷ ಮಾರ್ಚ್‌ನಲ್ಲಿ ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ತೆಲಸಂಗದಿಂದ ಒಂದು ವಾಯ್ಸ್ ಮೆಸೇಜ್. ಅರ್ಧ ಬರೀ ಗಾಳಿಯ ಸದ್ದು. "ದೊಡ್ಡ ಹನಿ ಬೀಳಾಕತ್ತಾವ್ರೀ, ನಿಮ್ ಕಡೆ ಹೊಂಟೈತಿ." ರೊಟ್ಟಿ ಅಲ್ಲೇ ಬಿಟ್ಟು ಓಡಿದೆವು. ಮಕ್ಕಳೂ ಹಗ್ಗ ಹಿಡಿದರು. ಕೊನೆಯ ಗಂಟು ಹಾಕುವಾಗ ಮೊದಲ ಹನಿ ಬಿತ್ತು. ಕಾಕಾ ಅವರ ಶೆಡ್ಡು ನೆನೆಯಿತು. ಸಂಜೆ ಬಂದು, "ನಂದೂ ನಂಬರ ಹಾಕೋ" ಅಂದರು. ಆಮೇಲೆ ನಾನು ಯಾರನ್ನೂ ಕೇಳಲಿಲ್ಲ, ಅವರೇ ಕೇಳಿಕೊಂಡು ಬಂದರು, ಗುಂಪು ಅರವತ್ತು ಜನಕ್ಕೆ ಮುಟ್ಟಿತು. ಚಹಾದ ಖರ್ಚೂ ಉಳಿಯಿತು.

ಲೆಕ್ಕ ಹೀಗಿದೆ. ಆರು ಜನರಲ್ಲಿ ಮಾತಾಡಬಲ್ಲ ಜೋಡಿ 15, ಅರವತ್ತು ಜನರಲ್ಲಿ 1,770. ಜನ ಹತ್ತುಪಟ್ಟು ಆದರೆ ಜೋಡಿ ನೂರು ಪಟ್ಟಿಗೂ ಜಾಸ್ತಿ. ಜಾಲದ ಬೆಲೆಯೂ ಹೀಗೇ ಏರುತ್ತದೆ ಅನ್ನುವುದಕ್ಕೆ ಕಂಪ್ಯೂಟರ್‌ಗಳನ್ನು ತಂತಿಯಿಂದ ಜೋಡಿಸುವ ಈಥರ್ನೆಟ್ ರೂಪಿಸಿದವರಲ್ಲಿ ಒಬ್ಬರಾದ ರಾಬರ್ಟ್ ಮೆಟ್‌ಕಾಫ್ ಹೆಸರಿನ ನಿಯಮವೇ ಇದೆ. ಎಲ್ಲ ಜೋಡಿಗೂ ಒಂದೇ ಬೆಲೆ ಇರುವುದಿಲ್ಲ ಎಂದು ಗಣಿತಜ್ಞ ಆ್ಯಂಡ್ರ್ಯೂ ಒಡ್ಲಿಜ್ಕೊ ಮತ್ತಿತರರು ಅದನ್ನು ಒಪ್ಪಿಲ್ಲ. ನಾನು ಒಡ್ಲಿಜ್ಕೊ ಪಕ್ಷ. 1,770ರಲ್ಲಿ ನನ್ನ ಹೊಟ್ಟೆ ತುಂಬಿಸಿದ್ದು ತೆಲಸಂಗದ ಒಂದೇ ಜೋಡಿ.

2021ರ ಜನವರಿಯಲ್ಲಿ ವಾಟ್ಸ್ಆ್ಯಪ್‌ನ ಖಾಸಗಿತನದ ನಿಯಮ ಬದಲಾಗುತ್ತದೆ ಅಂತ ಗದ್ದಲ ಎದ್ದಿತಲ್ವಾ, ಆಗ ಅಳಿಯ ಸಿಗ್ನಲ್ ಅನ್ನುವ ಇನ್ನೊಂದು ಆ್ಯಪ್‌ನಲ್ಲಿ ಹೊಸ ಗುಂಪು ಮಾಡಿಕೊಟ್ಟ. ಅರವತ್ತರಲ್ಲಿ ಹನ್ನೊಂದು ಜನ ಬಂದರು. ಆ್ಯಪ್‌ನಲ್ಲಿ ಏನೂ ಕೊರತೆ ಇರಲಿಲ್ಲ. ಫೋನ್ ಮಾಡಿ ಕರೆದರೆ ತೆಲಸಂಗದವರು ನಕ್ಕರು. "ನಮ್ಮ ಬೀಗರೆಲ್ಲ ಇಲ್ಲೇ ಅದಾರ್ರೀ, ಇನ್ನೊಂದು ಯಾಕ?" ಅಂದರು.

ಒಂದು ತಿಂಗಳಿಗೆ ನಾವು ಹನ್ನೊಂದೂ ಜನ ಹಳೇ ಗುಂಪಿಗೇ ವಾಪಸ್. ಶುಭೋದಯದ ಹೂವು ಈಗಲೂ ದಿನಕ್ಕೆ ನಲವತ್ತು ಬರುತ್ತವೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಮಾತ್ರ ಗುಂಪನ್ನು ಮ್ಯೂಟ್ ಮಾಡುವುದಿಲ್ಲ.